ತಳ ಹಿಡಿಯುವಷ್ಟು ಮಾತು

ಈಗ ನಾನಿರುವ ಊರಿನಲ್ಲಿ ನಿಂಬೆಹಣ್ಣು ಹುಳಿಯಾಗಿಯೇ ಇರುತ್ತದೆ. ಅಂಗಡಿಯಲ್ಲಿ ಹುಣಿಸೆಹಣ್ಣು ಕೇಳಿದರೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಮನೆಗೆ ತಂದು ನೆನೆಹಾಕಿದರೆ ಸಾರು ಹುಳಿಯಾಗುತ್ತದೆ, ಅಷ್ಟೇ. ಯಾರೂ ಅದನ್ನೊಂದು ದೊಡ್ಡ ಸಂಗತಿ ಅಂದುಕೊಳ್ಳುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಂದು ಹೋಳು ನಿಂಬೆಯನ್ನು ನಾಲಿಗೆಗಿಟ್ಟುಕೊಂಡು ಅಡುಗೆಮನೆಯಲ್ಲಿ ಹಾಗೇ ನಿಂತುಬಿಟ್ಟಿದ್ದೆ. ನಮ್ಮ ಯಜಮಾನರು ನೋಡಿ, "ಏನಾಯ್ತು, ಹಲ್ಲುನೋವಾ?" ಅಂದರು. ಏನಂತ ಹೇಳಲಿ? ಹಣ್ಣಿನಲ್ಲಿ ಹುಳಿ ತಾನಾಗಿಯೇ ಇದೆ, ಯಾರೂ ಅದಕ್ಕೆ ಕಷ್ಟಪಟ್ಟಿಲ್ಲ ಅಂತ ನನಗೆ ಬೆರಗಾಗಿತ್ತು.

ನಮ್ಮೂರಿನಲ್ಲಿ ಹಾಗಿರಲಿಲ್ಲ. ಹೊರಗಿನ ಹುಳಿ ನಮ್ಮೂರ ಗಡಿಕಲ್ಲು ದಾಟುತ್ತಿರಲಿಲ್ಲ. ಬಸ್ಸಿನ ಕಂಡಕ್ಟರು ತನ್ನ ಊಟದ ಡಬ್ಬಿಯ ಚಿತ್ರಾನ್ನವನ್ನು ಗಡಿಕಲ್ಲಿಗೆ ಮುಂಚೆಯೇ ತಿಂದು ಮುಗಿಸುತ್ತಿದ್ದ. ದಾಟಿದ ಮೇಲೆ ತೆಗೆದರೆ ಬರೀ ಅರಿಸಿನದ ಅನ್ನ. ಪೋಸ್ಟ್ ಮಾಸ್ತರರ ಹೆಂಡತಿ ಹೊಸದಾಗಿ ಬಂದಾಗ ತೌರಿನಿಂದ ಒಂದು ಭರಣಿ ಮಾವಿನಕಾಯಿ ಉಪ್ಪಿನಕಾಯಿ ತಂದಿದ್ದರು. ಮುಚ್ಚಳ ತೆಗೆದು ರುಚಿ ನೋಡಿ, ಮತ್ತೆ ಮುಚ್ಚಿ, ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದರಂತೆ. ಊರಿನ ಹೆಂಗಸರು ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಒಂದೊಂದು ಸೌಟು ತಮ್ಮ ಮನೆಯ ಹುಳಿ ತಂದು ಅವರ ಪಾತ್ರೆಗೆ ಸುರಿದು ಹೋದರು. ನಮ್ಮೂರಿನ ಹುಣಿಸೆಮರಗಳೂ ಕಾಯಿ ಬಿಡುತ್ತಿದ್ದವು, ಆದರೆ ಆ ಹಣ್ಣು ನೆನೆದ ರಟ್ಟಿನ ಹಾಗಿರುತ್ತಿತ್ತು. ಮಕ್ಕಳು ಬೀಜಕ್ಕೋಸ್ಕರ ಮಾತ್ರ ಆರಿಸುತ್ತಿದ್ದರು.

ಹುಳಿ ಬೇಕೆಂದರೆ ನಾವೇ ಮಾಡಿಕೊಳ್ಳಬೇಕಿತ್ತು. ಮನೆಮನೆಯ ಹಿತ್ತಲಲ್ಲೂ ನೆರಳಿಗೆ ಒಂದು ಅಗಲ ಬಾಯಿಯ ಮಣ್ಣಿನ ಬಾನಿ. ಬಾನಿಯೊಳಗೆ ಬಸಿನೀರು, ಅದರ ಮೇಲೆ ಕೆನೆಗಟ್ಟಿದ ಹಾಗೆ ಬೂಷ್ಟು. ನಾವದನ್ನು ಬೂಷ್ಟು ಅನ್ನುತ್ತಿರಲಿಲ್ಲ, ಕಂಬಳಿ ಅನ್ನುತ್ತಿದ್ದೆವು. ಕಂಬಳಿ ಬೆಳ್ಳಗೆ, ಬಿಗಿಯಾಗಿ, ಮುದುಕಿಯ ಅಂಗೈ ಹಾಗೆ ಗೆರೆಗೆರೆಯಾಗಿ ಇದ್ದರೆ ಅಡಿಯ ನೀರು ಹುಳಿಯಾಗುತ್ತಿದೆ ಅಂತ ಲೆಕ್ಕ. ಉಬ್ಬಿಕೊಂಡು, ಮೇಲೆಲ್ಲ ಕಾಡಿಗೆ ಉದುರಿಸಿದ ಹಾಗೆ ಕಪ್ಪಾಗಿಬಿಟ್ಟರೆ ಆ ಕಂಬಳಿ ತನ್ನ ಪಾಡಿಗೆ ತಾನು ಬೆಳೆದುಕೊಂಡಿದೆ, ನಮಗೇನೂ ಕೊಟ್ಟಿಲ್ಲ ಅಂತ.

ಅದರ ಊಟ ಬಹಳ ಸಾಧಾರಣದ್ದು. ಆಲೆಮನೆಯಲ್ಲಿ ಕಬ್ಬು ಹಿಂಡಿ ಬಿಸಾಡಿದ ಸಿಪ್ಪೆ, ಅದರ ಜೊತೆಗೆ ಒಂದಿಷ್ಟು ಒಣಗಿದ ತರಗು. ಸೋಮವಾರ ಸೋಮವಾರ ಇದನ್ನೆಲ್ಲ ಕತ್ತರಿಸಿ ದೊಡ್ಡ ಮಡಕೆಗೆ ತುಂಬಿ, ನೀರು ಹೊಯ್ದು, ಹಳೆಯ ಹುಳಿ ಒಂದು ಸೌಟು ಸುರಿದು, ಹಿತ್ತಲ ಒಲೆಯ ಮೇಲೆ ಬೇಯಿಸಬೇಕು. ಬೆಂದೂ ಬೆಂದೂ ಸಿಪ್ಪೆಯೊಳಗೆ ಅಡಗಿದ್ದ ಸಿಹಿಯೆಲ್ಲ ನೀರಿಗಿಳಿಯುತ್ತದೆ. ಬಟ್ಟೆಯಲ್ಲಿ ಬಸಿದು, ಆರಿಸಿ, ಕಂಬಳಿಯ ಅಂಚು ಮೆತ್ತಗೆ ಎತ್ತಿ ಬಾನಿಗೆ ಹೊಯ್ದರೆ ಆಯಿತು. ಮುಂದಿನದು ಅದರ ಕೆಲಸ.

ನಮ್ಮವ್ವ ಜವರಮ್ಮನ ಹುಳಿಗೆ ಬೀದಿಯಲ್ಲಿ ಹೆಸರಿತ್ತು. ಪಕ್ಕದ ಮನೆಯ ರಂಗಾಜಮ್ಮನ ಹುಳಿಗೂ ಇತ್ತು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಈಚೆಗೆ ನಮ್ಮ ಒಲೆ, ಆಚೆಗೆ ಅವರ ಒಲೆ. ಸೋಮವಾರ ಎರಡು ಒಲೆಗೂ ಬೆಂಕಿ ಬಿದ್ದ ಮೇಲೆ ಇಬ್ಬರೂ ಗೋಡೆಯ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದರು. ಗೋಡೆಯ ಆ ಜಾಗ ಸವೆದು, ನಾಲ್ಕು ಮೊಣಕೈಗೆ ನಾಲ್ಕು ಗುಳಿ ಬಿದ್ದಿತ್ತು. ಏನು ಮಾತಾಡುತ್ತಿದ್ದರು ಅಂದರೆ ಏನು ಹೇಳುವುದು, ಎಲ್ಲವನ್ನೂ. ಯಾರ ಮನೆಯ ಕಂಬಳಿ ಕಪ್ಪಾಯಿತು, ಯಾರ ಮಗಳು ಯಾಕೆ ತೌರಿಗೆ ಬಂದಳು, ಬಂದವಳು ಸೀರೆ ಎಷ್ಟು ತಂದಳು. ಒಂದು ಮಾತು ಮುಗಿಯುವ ಹೊತ್ತಿಗೆ ರಂಗಾಜಮ್ಮ, "ಅದಿರ್ಲಿ" ಅನ್ನುತ್ತಿದ್ದಳು. ಆ "ಅದಿರ್ಲಿ" ಅಂದಮೇಲೆ ಇನ್ನೊಂದು ಕತೆ. ಕೊನೆಗೆ ಸೀದ ವಾಸನೆ ಮೂಗಿಗೆ ಬಡಿದಾಗ ಇಬ್ಬರೂ, "ಅಯ್ಯೋ ತಳ ಹಿಡೀತು" ಅಂತ ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದರು. ಅವ್ವ ಮಡಕೆ ಇಳಿಸುತ್ತಾ, "ಆ ರಂಗಾಜಿ ದೆಸೆಯಿಂದ ನನ್ನ ಮಡಕೆ ಒಂದ್ ಸೋಮ್ವಾರನೂ ನೆಟ್ಟಗೆ ಬೇಯಕಿಲ್ಲ" ಅಂತ ಬಯ್ಯುತ್ತಿದ್ದಳು. ಗೋಡೆಯಾಚೆಯಿಂದಲೂ ಅದೇ ಮಾತು ಅವ್ವನ ಹೆಸರಿನಲ್ಲಿ ಕೇಳುತ್ತಿತ್ತು.

ಇದು ನಿಂತದ್ದು ನಮ್ಮಣ್ಣ ಮರಿಸ್ವಾಮಿಯ ಮದುವೆಯಲ್ಲಿ. ಊಟಕ್ಕೆ ಕೂರಿಸುವ ಗಡಿಬಿಡಿಯಲ್ಲಿ ಯಾರೋ ರಂಗಾಜಮ್ಮನನ್ನು ಮೂರನೇ ಪಂಕ್ತಿಗೆ ಕೂರಿಸಿದರು. ಅವಳ ಎಲೆಯ ಹತ್ತಿರ ಬರುವಷ್ಟರಲ್ಲಿ ಒಬ್ಬಟ್ಟು ಮುಗಿದಿತ್ತು. ಬಡಿಸುವವನು ಬರಿಗೈ ತೋರಿಸಿ ಪಾಯಸ ಹಾಕಿ ಮುಂದೆ ಹೋದ. ರಂಗಾಜಮ್ಮ ಎಲೆ ಮಡಚಿ ಎದ್ದಳು. "ಮೂವತ್ತು ವರ್ಷ ಗೋಡೆ ಹಂಚ್ಕಂಡವ್ಳಿಗೆ ಒಂದೊಬ್ಬಟ್ಟು ಇಲ್ವಲ್ಲ ಜವ್ರಿ" ಅಂದಳಂತೆ. ಅವ್ವನಿಗೂ ಆವತ್ತು ಬೀಗರ ಕಾಟದಲ್ಲಿ ತಲೆ ಕೆಟ್ಟಿತ್ತು. "ನಿಂಗೊಬ್ಳಿಗೇ ಮದ್ವೆ ಮಾಡ್ತಿದ್ದೀನಾ ನಾನು?" ಅಂದುಬಿಟ್ಟಳು. ಅಷ್ಟೇ. ಮರುದಿನದಿಂದ ಗೋಡೆಯ ಗುಳಿಗಳಲ್ಲಿ ಗುಬ್ಬಿಗಳು ಕೂರತೊಡಗಿದವು.

ಆ ಮದುವೆಯಲ್ಲಿ ಮನೆಗೆ ಬಂದವಳು ಅತ್ತಿಗೆ ಚಿಕ್ಕತಾಯಿ. ಕೆಳಗಿನ ಬೀದಿಯ ಹುಡುಗಿ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ನೋಡಲು ಮೆತ್ತಗೆ, ಆದರೆ ನೋಡಿದ್ದನ್ನು ಬಿಡುವವಳಲ್ಲ. ಬಂದ ವಾರದಲ್ಲೇ ನಮ್ಮ ಮನೆಯ ಯಾವ ಬಾಗಿಲು ಯಾವ ಹೊತ್ತಿಗೆ ಕಿರುಗುಟ್ಟುತ್ತದೆ ಅಂತ ಅವಳಿಗೆ ಗೊತ್ತಿತ್ತು.

ನಮ್ಮೂರಿನಲ್ಲಿ ಸೊಸೆಯಾದವಳಿಗೆ ಮೂರನೇ ತಿಂಗಳು ತಂಬಿಗೆ ಬೆಳಗುವ ದಿನ ಅಂತ ಒಂದಿರುತ್ತಿತ್ತು. ಮದುವೆಯ ದಿನದಿಂದ ಬಾನಿಯ ಸುತ್ತಿನ ಕೆಲಸವೆಲ್ಲ ಅವಳದು. ಸಿಪ್ಪೆ ಕತ್ತರಿಸುವುದು, ಬಸಿಯುವುದು, ಹೊಯ್ಯುವುದು ಎಲ್ಲ. ಒಲೆ ಮಾತ್ರ ಅತ್ತೆಯದು. ಆ ದಿನ ನೆಂಟರು, ಬೀದಿಯವರು ಸೇರುತ್ತಾರೆ. ಕಪ್ಪಿಟ್ಟುಹೋದ ಒಂದು ತಾಮ್ರದ ತಂಬಿಗೆಯನ್ನು ಅವಳ ಮುಂದಿಡುತ್ತಾರೆ. ಬಾನಿಯಿಂದ ಒಂದು ಬೊಗಸೆ ಹುಳಿ ತೆಗೆದು ಅವಳು ಅದನ್ನು ಉಜ್ಜಬೇಕು. ತಂಬಿಗೆ ಹೊಳೆದರೆ ಹುಳಿಗೈ. ಬಾನಿಯ ಸೌಟು ಅವಳ ಕೈಗೆ ಬರುತ್ತದೆ. ಹೊಳೆಯದಿದ್ದರೆ ಸಪ್ಪೆಗೈ. ಸಪ್ಪೆಗೈಯವಳನ್ನು ಕೈ ಕಲಿತು ಬಾ ಅಂತ ತೌರಿಗೆ ಕಳಿಸುತ್ತಾರೆ. ಕಲಿತು ಬಂದವರೂ ಇದ್ದರು. ಮೇಲಿನ ಬೀದಿಯ ಹೊಂಬಾಳೆ ಅಂತ ಒಬ್ಬಳು, ಹೋದವಳನ್ನು ಯಾರೂ ಮತ್ತೆ ಕರೆಯಲಿಲ್ಲ; ಅವಳ ತಲೆ ನರೆತರೂ ತೌರಿನ ಹಿತ್ತಲಲ್ಲಿ ಅವರಮ್ಮನ ಪಾತ್ರೆ ತೊಳೆಯುತ್ತಲೇ ಇದ್ದಳು. ಅವಳ ಗಂಡನ ಮನೆಯವರು ಕೆಟ್ಟವರೇನಲ್ಲ. ಕರೆಯೋಣ, ಬರುವ ತಿಂಗಳು ಕರೆಯೋಣ ಅನ್ನುತ್ತಲೇ ಉಳಿದುಬಿಟ್ಟರು.

ಅತ್ತಿಗೆ ಬಂದ ಮೇಲೆ ನಮ್ಮ ಬಾನಿಯ ನೀರು ಸಪ್ಪೆಯಾಯಿತು.

ಮೊದಲು ಗೊತ್ತಾದದ್ದು ಅಪ್ಪನಿಗೆ. ಅಪ್ಪ ಊಟದಲ್ಲಿ ಮಾತಾಡುವವರಲ್ಲ. ಸಾರು ಸುರಿದುಕೊಂಡು, ಒಂದು ತುತ್ತು ತಿಂದು, ಎಲೆಯ ಅಂಚಿನ ಉಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅಷ್ಟಕ್ಕೇ ಅವ್ವ ಎದ್ದು ಹಿತ್ತಲಿಗೆ ಹೋದಳು. ಕಂಬಳಿ ಚೆನ್ನಾಗಿಯೇ ಇತ್ತು. ಚೆನ್ನಾಗಿ ಅಂದರೆ, ಯಾವತ್ತೂ ಇಲ್ಲದಷ್ಟು ದಪ್ಪಗೆ ಹಾಸಿಗೆ ಹಾಗೆ ಉಬ್ಬಿತ್ತು. ಕಪ್ಪು ಬಂದಿರಲಿಲ್ಲವಾದ್ದರಿಂದ ಅವ್ವನಿಗೆ ಅದು ಅರ್ಥವಾಗಲಿಲ್ಲ. ಮುಂದಿನ ಸೋಮವಾರ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ಕಣ್ಣು ಕದಲಿಸಲಿಲ್ಲ. ಸೌಟು ಆಡಿಸುತ್ತಲೇ ಇದ್ದಳು. "ನೋಡು, ಈ ಸಲ ಒಂಚೂರೂ ತಳ ಹಿಡೀಲಿಲ್ಲ" ಅಂತ ಹೆಮ್ಮೆಯಿಂದ ಮಡಕೆ ಇಳಿಸಿದಳು. ಬಸಿನೀರು ಜೇನಿನ ಬಣ್ಣಕ್ಕಿತ್ತು, ವಾಸನೆಯೂ ಹಬ್ಬದ ಪಾಕದ ಹಾಗಿತ್ತು. ಆ ವಾರ ಕಂಬಳಿ ಇನ್ನೂ ಉಬ್ಬಿತು, ಮೇಲೆ ಕಪ್ಪು ಕಾಣಿಸಿಕೊಂಡಿತು. ನೀರು ಮಾತ್ರ ನೀರೇ.

"ಒಲೆ ನಂದು, ಮಡಕೆ ನಂದು, ಕಂಬಳಿ ನಮ್ಮತ್ತೆ ಕಾಲದ್ದು" ಅಂದಳು ಅವ್ವ, ಯಾರಿಗೂ ಅಲ್ಲ ಅನ್ನುವ ಹಾಗೆ. "ಹೊಸದಾಗಿ ಬಂದಿರೋದು ಕೈ ಒಂದೇಯ."

ಅತ್ತಿಗೆ ಬಗ್ಗಿಕೊಂಡು ಸಿಪ್ಪೆ ಕತ್ತರಿಸುತ್ತಿದ್ದಳು. ಕತ್ತಿಯ ಸದ್ದು ಒಂದು ಸಲ ನಿಂತು, ಮತ್ತೆ ಶುರುವಾಯಿತು.

ಮನೆಯಲ್ಲಿ ಸಾರು ಸಪ್ಪೆಯಾದರೆ ಏನೇನೆಲ್ಲ ಸಪ್ಪೆಯಾಗುತ್ತದೆ ಅಂತ ನನಗೆ ಆ ತಿಂಗಳುಗಳಲ್ಲಿ ಗೊತ್ತಾಯಿತು. ಊಟಕ್ಕೆ ಕೂತರೆ ಬರೀ ಅಗಿಯುವ ಸದ್ದು. ಅಣ್ಣ ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದ. ಸಿಪ್ಪೆ ಬೇರೆ ಗಾಣದ್ದು ತಂದು ನೋಡಿದ, ಕರಿಕಬ್ಬಿನದು ತಂದ, ಬಿಳಿಕಬ್ಬಿನದು ತಂದ. ಅವ್ವ ಬೆಲ್ಲದ ಅಚ್ಚನ್ನೇ ಒಂದು ಸಲ ಕರಗಿಸಿ ಹೊಯ್ದಳು. ಕಂಬಳಿ ಸಂತೋಷದಿಂದ ಕುಡಿದು ಕರ್ರಗಾಯಿತು. ಒಂದು ದಿನ ಅವ್ವ ಅಣ್ಣನ ಹತ್ತಿರ, "ತಂಬಿಗೆ ಬೆಳಗ್ದೇ ಹೋದ್ರೆ ಊರಿಗೆ ಏನಂತ ಮುಖ ತೋರ್ಸದಪ್ಪ, ನಾಕ್ ದಿನ ತೌರಲ್ಲಿರ್ಲಿ ಅವ್ಳು" ಅಂದಳು. ಅಣ್ಣ, "ನಾನೇನು ಕಂಬ್ಳಿಗೆ ತಾಳಿ ಕಟ್ಟಿದ್ನೇನವ್ವ?" ಅಂದ. ಅಂದನೇ ಹೊರತು ಆಮೇಲೆ ತಲೆ ತಗ್ಗಿಸಿಕೊಂಡು ಹೊರಗೆ ಹೋದ. ನಮ್ಮೂರಿನಲ್ಲಿ ಗಂಡಸರು ಬಾನಿಯ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಅತ್ತಿಗೆ ಬಾಗಿಲ ಹಿಂದೆಯೇ ಇದ್ದಳು. ನಾನು ನೋಡಿದೆ, ಅವಳು ಅಳುತ್ತಿರಲಿಲ್ಲ. ತನ್ನ ಎರಡು ಅಂಗೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರ ನನ್ನ ಸೆರಗು ಜಗ್ಗಿದಳು.

"ಕೆಂಪಿ, ಗೋಡೆ ಆಚೆ ನೋಡು. ಮೆತ್ತಗೆ."

ರಂಗಾಜಮ್ಮನ ಹಿತ್ತಲ ಕಟ್ಟೆಯ ಮೇಲೆ ಅವಳ ತಾಮ್ರದ ಕೊಡಗಳನ್ನು ತೊಳೆದು ಬೋರಲು ಹಾಕಿದ್ದರು. ಬೀದಿಯಲ್ಲೇ ಎಲ್ಲಕ್ಕಿಂತ ಹೊಳೆಯುವ ಕೊಡಗಳು ಅವು. ಬಿಸಿಲಿಗೆ ನೋಡಿದರೆ ಕಣ್ಣು ಕುಕ್ಕುತ್ತಿದ್ದವು. ಈಗ ಒಂದೊಂದೂ ಸುಟ್ಟ ಗೆಣಸಿನ ಬಣ್ಣಕ್ಕಿದ್ದವು.

"ಅವ್ರ ಬಾನೀನೂ ಸಪ್ಪೆಯಾಗೈತೆ" ಅಂದಳು ಅತ್ತಿಗೆ. "ಅವ್ರ ಮನೇಲಿ ಸೊಸೆ ಇಲ್ವಲ್ಲ."

ನಾನು ಅವಳ ಮುಖ ನೋಡಿದೆ.

"ಎರಡು ಮನೇಲೂ ಒಂದೇ ಸಲ ಕೆಟ್ಟೈತೆ ಅಂದ್ರೆ ಎರಡು ಮನೇಲೂ ಒಂದೇ ಸಲ ಏನೋ ನಿಂತಿರ್ಬೇಕು. ನಾನ್ ಬರೋಕ್ ಮುಂಚೆ ಸೋಮ್ವಾರ ಏನಾಗೋದು, ಒಂದೂ ಬಿಡ್ದೆ ಹೇಳು."

ಹೇಳಿದೆ. ಸಿಪ್ಪೆ, ತರಗು, ಬೆಂಕಿ, ಗೋಡೆ, ಮಾತು, "ಅದಿರ್ಲಿ", ಸೀದ ವಾಸನೆ, ಓಟ. ಅತ್ತಿಗೆ ಸೀದ ವಾಸನೆ ಅಂದ ಕಡೆ ಕೈ ಎತ್ತಿ ನಿಲ್ಲಿಸಿದಳು.

"ನಮ್ಮವ್ವ ಸೋಮ್ವಾರ ಮಡ್ಕೆ ಇಟ್ಟು ನಮ್ಗೆಲ್ಲ ಹೇನು ನೋಡೋಕೆ ಕೂತ್ಕೊಳೋಳು. ಮೂರ್ ಜನ ಹೆಣ್ಮಕ್ಳು, ಮೂರ್ ತಲೆ. ಅಲ್ಲೂ ಪ್ರತಿ ಸಲ ಸೀಯೋದು. ಅವ್ಳೂ ನಮ್ಮನ್ನೇ ಬಯ್ಯೋಳು."

"ಸೀದ್ರೆ ಕಂಬ್ಳಿಗೆ ಆಗಲ್ಲ ಅಂತಾರಲ್ಲ ಅತ್ತಿಗೆ ಎಲ್ರೂ."

"ಎಲ್ರೂ ಅಂತಾರೆ. ಎಲ್ರ ಮಡ್ಕೇನೂ ಕರ್ರಗೇ ಐತೆ."

ಆ ಮಧ್ಯಾಹ್ನ ಅವ್ವ ಮಲಗಿದ್ದಾಗ ನಾವಿಬ್ಬರೂ ಒಂದು ಚಿಕ್ಕ ಕುಡಿಕೆಯಲ್ಲಿ ಸಿಪ್ಪೆ ಬೇಯಿಸಿದೆವು. ಅತ್ತಿಗೆ ಒಳ್ಳೆ ಉರಿ ಕೊಟ್ಟು ಚೆನ್ನಾಗಿಯೇ ಸೀಸಿದಳು. ಕಣ್ಣಲ್ಲಿ ನೀರು ಬರುವಷ್ಟು ಹೊಗೆ. ಬಸಿದರೆ ಕಷಾಯದ ಹಾಗೆ ಕಪ್ಪು ನೀರು ಬಂತು. ಕಂಬಳಿಯ ಅಂಚಿನಿಂದ ಬೆರಳಗಲ ಕಿತ್ತು ಅದರ ಮೇಲೆ ತೇಲಿಬಿಟ್ಟು, ಕುಡಿಕೆಯನ್ನು ಸೌದೆಯ ಹಿಂದೆ ಬಚ್ಚಿಟ್ಟೆವು. ಎರಡು ದಿನ ಬಿಟ್ಟು ನೋಡಿದರೆ ಆ ತುಂಡು ನೆನೆದ ಕಾಗದದ ಹಾಗೆ ತಳಕ್ಕಿಳಿದು ಸತ್ತಿತ್ತು.

ನಾನು ಮುಗಿಯಿತು ಅಂದುಕೊಂಡೆ. ಅತ್ತಿಗೆ ಕುಡಿಕೆಯನ್ನು ಮೂಸಿ ನೋಡುತ್ತಾ ಕೂತಿದ್ದಳು.

"ಜಾಸ್ತಿ ಆಯ್ತು" ಅಂದಳು. "ಸೀಯದೇ ಇದ್ರೆ ಮೈ ಬಿಟ್ಟು ಬೆಳೀತದೆ, ನಮ್ಮನ್ನ ಮರೀತದೆ. ಜಾಸ್ತಿ ಸೀದ್ರೆ ಸಾಯ್ತದೆ. ನಡುವೆ ಎಲ್ಲೋ ಐತೆ ಅದು. ಅದನ್ನ ಒಂದಿಷ್ಟು ಗೋಳು ಹೊಯ್ಕೊಂಡ್ರೇನೇ ಹುಳಿ ಬಿಡೋದು."

"ಎಷ್ಟು ಸೀಸ್ಬೇಕು ಹಂಗಾರೆ?"

"ಅದು ನಂಗೊತ್ತಿಲ್ಲ, ನಿಂಗೊತ್ತಿಲ್ಲ. ಅತ್ತೇಗೂ ಗೊತ್ತಿಲ್ಲ." ಗೋಡೆಯ ಕಡೆ ನೋಡಿದಳು. "ಆ ಗೋಡೆ ಹತ್ರ ನಿಂತಾಗ ಅವ್ರ ಮೂಗಿಗೆ ಮಾತ್ರ ಗೊತ್ತು."

ತಂಬಿಗೆಯ ದಿನ ಬರುವ ಭಾನುವಾರದ ಆಚೆಯ ಭಾನುವಾರ. ನಡುವೆ ಇದ್ದದ್ದು ಒಂದೇ ಸೋಮವಾರ.

ಆ ಮೊದಲ ಭಾನುವಾರ ಅತ್ತಿಗೆ ಒಬ್ಬಟ್ಟು ಮಾಡಿದಳು. ಯಾಕೆ ಅಂತ ಅವ್ವ ಕೇಳಲಿಲ್ಲ. ತೌರಿಗೆ ಹೋಗುವ ಮುಂಚೆ ಏನೋ ಆಸೆ ಅಂದುಕೊಂಡಳೋ ಏನೋ. ಅವ್ವ ಸಂತೆಗೆ ಹೊರಟ ಮೇಲೆ ಅತ್ತಿಗೆ ಒಂದು ಕುಡಿಬಾಳೆಲೆ ಸುತ್ತಿಕೊಂಡು, ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ರಂಗಾಜಮ್ಮನ ಮನೆಗೆ ನಡೆದಳು. ರಂಗಾಜಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅತ್ತಿಗೆ ಏನೂ ಹೇಳದೆ ನೆಲ ಒರೆಸಿ, ಎಲೆ ಹಾಸಿ, ನೀರು ಚಿಮುಕಿಸಿದಳು.

"ಏನಿದು?" ಅಂದಳು ರಂಗಾಜಮ್ಮ.

"ಪಂಕ್ತಿ, ದೊಡ್ಡವ್ವ. ಮೊದಲ್ನೇದು. ಕೂತ್ಕೊಳಿ."

ರಂಗಾಜಮ್ಮ ಎಲೆಯನ್ನು ನೋಡಿದಳು, ಬೀದಿಯನ್ನು ಆ ಕಡೆ ಈ ಕಡೆ ನೋಡಿದಳು. ಅವರೆಕಾಯಿ ಮೊರ ಪಕ್ಕಕ್ಕಿಟ್ಟಳು.

"ನಿಮ್ಮತ್ತೆ ಕಳಿಸಿದ್ಲಾ?"

"ಇಲ್ಲ. ಅವ್ರಿಗೆ ಗೊತ್ತಿಲ್ಲ."

"ಅದಕ್ಕೇ ಮತ್ತೆ. ಗೊತ್ತಿದ್ದಿದ್ರೆ ತುಪ್ಪ ಇಷ್ಟು ಹಾಕಿಸ್ತಿರ್ಲಿಲ್ಲ." ಅಂದು ಕೂತಳು. ಮೂರು ಒಬ್ಬಟ್ಟು ತಿಂದಳು. ನಾಲ್ಕನೆಯದಕ್ಕೆ ಬೇಡ ಬೇಡ ಅನ್ನುತ್ತಾ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಬೀಳಲು ಬಿಟ್ಟಳು. ತಿಂದು ಮುಗಿಸಿ ಎಲೆಯನ್ನು ತನ್ನ ಕಡೆಗೆ ಮಡಚಿದಳು, ಊಟ ತೃಪ್ತಿಯಾಯಿತು ಅನ್ನುವ ಹಾಗೆ.

"ನೋಡವ್ವ, ನೀನು ಒಳ್ಳೇವ್ಳು. ಆದ್ರೆ ಅವ್ಳಾಗೇ ಮಾತಾಡ್ಸೋಗಂಟ ನಾನ್ ಮಾತಾಡ್ಸಕಿಲ್ಲ. ಅದನ್ನ ಕೇಳಕೇ ಬಂದಿದ್ರೆ ಈಗ್ಲೇ ಹೇಳ್ಬಿಟ್ಟೆ."

"ನಾನೇನೂ ಕೇಳ್ಲಿಲ್ಲ ದೊಡ್ಡವ್ವ" ಅಂದಳು ಅತ್ತಿಗೆ. "ನಾಳೆ ಸೋಮ್ವಾರ. ನಾನಿಲ್ಲಿ ಮಡ್ಕೆ ಇಡೋ ಕೊನೇ ಸೋಮ್ವಾರ ಇದ್ರೂ ಇರ್ಬೋದು. ಅದಕ್ಕೇ ಬಂದೆ."

ರಂಗಾಜಮ್ಮ ಕೈ ತೊಳೆಯಲು ಎದ್ದವಳು ಹಾಗೇ ನಿಂತಳು. ಒಳಗೆ ಕಪ್ಪಿಟ್ಟ ಕೊಡಗಳು ಕಾಣುತ್ತಿದ್ದವು. ಅವಳು ಬಾಗಿಲನ್ನು ಮೊಣಕೈಯಿಂದ ಅರ್ಧ ಮುಚ್ಚಿದಳು.

ಸೋಮವಾರ ಅವ್ವ ಮಣೆ ಹಾಕಿಕೊಂಡು ಒಲೆಯ ಮುಂದೆ ಕೂತಳು. ನೀರು ಕುದಿಯಿತು. ಗೋಡೆಯಾಚೆಯೂ ಬೆಂಕಿ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ರಂಗಾಜಮ್ಮ ತನ್ನ ಕೋಳಿಗೆ ಹೇಳುವುದು ಕೇಳಿತು.

"ಬಾರೆ ಬಾರೆ. ಅತ್ತೇರಿಗೆ ಗೊತ್ತಿಲ್ಲದ ಮರ್ಯಾದಿ ಸೊಸೇರಿಗಾದ್ರೂ ಗೊತ್ತೈತೆ ಈ ಬೀದೀಲಿ."

ಅವ್ವನ ಸೌಟು ನಿಂತಿತು. ಅತ್ತಿಗೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಪೊರಕೆಯನ್ನು ಕೈಗೆತ್ತಿಕೊಂಡು ಅದಕ್ಕೆ ಹೇಳಿದಳು. "ಮೂರನೇ ಪಂಕ್ತೀಲಿ ಕೂತ್ರೆ ಮೈಯಲ್ಲಿರೋ ಮಾಂಸ ಕರಗೋಗ್ತದಾ?"

"ಕೋಳಿಗೂ ಗೊತ್ತಾಯ್ತದೆ, ಕರೆದು ಹಾಕಿದ ಕಾಳು ಯಾವ್ದು, ಬಿದ್ದಿದ್ದ ಕಾಳು ಯಾವ್ದು ಅಂತ."

"ನನ್ನ ಮಗನ ಮದ್ವೇಲಿ ನಾನೇ ಊಟ ಮಾಡ್ಲಿಲ್ಲ. ಯಾವ್ಳು ಬಂದು ಕೇಳಿದ್ಲು, ಉಂಡ್ಯಾ ಜವ್ರಿ ಅಂತ?"

ಗೋಡೆಯ ಮೇಲೆ ರಂಗಾಜಮ್ಮನ ತಲೆ ಕಾಣಿಸಿತು. "ಉಂಡಿರ್ಲಿಲ್ವಾ ನೀನು?"

ಅವ್ವ ಪೊರಕೆ ಬಿಸಾಕಿ ಎದ್ದಳು. ಎದ್ದವಳು ಗೋಡೆಗೆ ಹೋಗಿ ಜಗಳಕ್ಕೇ ನಿಂತಳು. ಅದೇನು ಜಗಳ ಅಂತೀರಿ. ಮದುವೆಯ ದಿನದ್ದು ಮುಗಿದು, ಹಳೆಯ ನಾಮಕರಣದ್ದು ಬಂತು, ಒರಳುಕಲ್ಲು ಎರವಲು ತೆಗೆದುಕೊಂಡದ್ದು ಬಂತು, ಸತ್ತುಹೋದ ಎಮ್ಮೆಯೊಂದು ಬಂತು. ಒಬ್ಬೊಬ್ಬರ ಮೊಣಕೈಯೂ ತನ್ನ ತನ್ನ ಗುಳಿ ಹುಡುಕಿಕೊಂಡದ್ದು ಯಾವಾಗ ಅಂತ ನನಗೂ ಗೊತ್ತಾಗಲಿಲ್ಲ. ಎಮ್ಮೆಯ ನಂತರ ದನಿ ಇಳಿಯಿತು. ಆಮೇಲೆ ಗುಸುಗುಸು. ಆಮೇಲೆ ನಾನು ಅದನ್ನು ಕೇಳಿದೆ.

"ಅದಿರ್ಲಿ" ಅಂದಳು ರಂಗಾಜಮ್ಮ. "ಆ ಪೋಸ್ಟ್ ಮಾಸ್ತರ ಹೆಂಡ್ತಿ ಕಂಬ್ಳಿ ಸಾಕ್ತಾವ್ಳಂತೆ, ಗೊತ್ತಾ?"

ಅವ್ವ ತಿರುಗದೆಯೇ, "ಚಿಕ್ಕತಾಯಿ, ಒಲೆ ನೋಡ್ಕತಾ ಇದೀಯೇನವ್ವ?" ಅಂದಳು.

"ನೋಡ್ಕತಾ ಇದೀನಿ ಅತ್ತೆ."

ನೋಡಿಕೊಳ್ಳುತ್ತಲೇ ಇದ್ದಳು. ಸೌಟು ಮುಟ್ಟಲಿಲ್ಲ. ಮಡಕೆಯಿಂದ ಮೊದಲು ಹುರಿಗಡಲೆಯ ಹಾಗೆ ಒಂದು ಕಂಪು ಬಂತು. ಆಮೇಲೆ ಬೆಲ್ಲ ಪಾಕ ಮೀರಿದ ಹಾಗೆ. ಆಮೇಲೆ ತಳದಲ್ಲಿ ಚರಚರ ಅನ್ನತೊಡಗಿತು. ಚಿಕ್ಕ ಕುಡಿಕೆಯ ಕಪ್ಪು ನೀರೇ ಕಣ್ಣ ಮುಂದೆ. "ಇಳಿಸು ಅತ್ತಿಗೆ" ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ನಾನಿಳಿಸಿದ್ರೆ ನನ್ನ ಅಳತೆ ಆಗ್ತದೆ. ಅವ್ರು ಓಡಿ ಬರ್ಲಿ."

ಕಮಟು ವಾಸನೆ ಎದ್ದಿತು. ಅವ್ವನ ಮಾತು ನಡುವೆಯೇ ತುಂಡಾಯಿತು. ಮೂಗು ಮೇಲೆತ್ತಿದಳು. ಸೆರಗು ಸಿಕ್ಕಿಸಿಕೊಂಡು ಓಡಿಬಂದು ಮಡಕೆ ಇಳಿಸಿದಳು. ಇಳಿಸಿ, ಒಲೆಯ ಪಕ್ಕದಲ್ಲೇ ನಿಂತಿದ್ದ ಸೊಸೆಯನ್ನು ನೋಡಿದಳು.

"ನಿಂತ್ಕಂಡು ಸೀಸ್ದಾ?"

"ಹೂಂ ಅತ್ತೆ."

"ಇದೊಂದ್ ಸೋಮ್ವಾರ ಉಳಿದಿತ್ತು ನಿಂಗೆ."

"ಹೂಂ ಅತ್ತೆ."

ಅವ್ವ ಮಡಕೆಯನ್ನು ಬಚ್ಚಲಿಗೆ ಸುರಿಯಲು ಬಗ್ಗಿಸಿದಳು. ಅತ್ತಿಗೆ ಅದರ ಬಿಸಿ ಕಂಠವನ್ನು ಸೆರಗಿನಿಂದ ಹಿಡಿದಳು. "ಚೆಲ್ಬೇಡಿ. ಭಾನ್ವಾರ ತಂಬಿಗೆ ಬೆಳಗ್ದೇ ಹೋದ್ರೆ ಯಾರೂ ನನ್ನ ಕಳಿಸ್ಬೇಕಾಗಿಲ್ಲ. ನಾನಾಗೇ ಹೋಗ್ತೀನಿ, ಕರೀಬೇಡಿ. ಇದನ್ನ ಮಾತ್ರ ಬಾನಿಗೆ ಹುಯ್ಯಿ."

ಅಷ್ಟರಲ್ಲಿ ಗೋಡೆಯಾಚೆಯಿಂದ ಕೆಮ್ಮುತ್ತಾ ರಂಗಾಜಮ್ಮ, "ನಂದೂ ತಳ ಹಿಡೀತು ಕಣೆ ಜವ್ರಿ. ಈ ವಾಸ್ನೆ ಬಂದು ಎಷ್ಟು ಕಾಲಾಗಿತ್ತು" ಅಂದಳು.

ಅವ್ವ ಗೋಡೆಯನ್ನು ನೋಡಿದಳು. ಮಡಕೆಯನ್ನು ನೋಡಿದಳು. ಮಡಕೆಯ ತಳದಲ್ಲಿ ವರ್ಷಗಳಿಂದ ಕಟ್ಟಿದ್ದ ಕರಿಯನ್ನು ಅವಳು ಆವತ್ತೇ ಮೊದಲ ಸಲ ನೋಡುತ್ತಿರುವ ಹಾಗಿತ್ತು. ಏನು ಯೋಚಿಸಿದಳೋ, ಬಗ್ಗಿಸಿದ್ದ ಮಡಕೆಯನ್ನು ನೆಟ್ಟಗಿಟ್ಟಳು. "ಬಸಿಯೋ ಬಟ್ಟೆ ತಾ" ಅಂದಳು ನನಗೆ.

ಆ ವಾರ ನಾವು ಯಾರೂ ಬಾನಿಯ ಮುಚ್ಚಳ ತೆಗೆಯಲಿಲ್ಲ. ಅತ್ತಿಗೆ ತನ್ನ ಟ್ರಂಕು ಜೋಡಿಸಿಟ್ಟುಕೊಂಡಳು. ಅಣ್ಣ ಅದನ್ನು ನೋಡಿ, ಆಲೆಮನೆಯಿಂದ ಬರುವಾಗ ಒಂದು ಜೊತೆ ಹೊಸ ಚಪ್ಪಲಿ ತಂದು ಟ್ರಂಕಿನ ಮೇಲೇ ಇಟ್ಟ. ಹೋಗು ಅಂತಲೋ ಬೇಡ ಅಂತಲೋ, ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಭಾನುವಾರ ಹಿತ್ತಲ ತುಂಬ ಜನ. ಕೆಳಗಿನ ಬೀದಿಯಿಂದ ಅತ್ತಿಗೆಯ ಅವ್ವ ಬಂದು ಒಂದು ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ಅವ್ವ ಮುಚ್ಚಳ ತೆಗೆದಳು. ಕಂಬಳಿ ಇಳಿದುಹೋಗಿತ್ತು. ಹಾಸಿಗೆಯಂಥ ಉಬ್ಬೆಲ್ಲ ಹೋಗಿ, ಬಿಳಿಚಿಕೊಂಡು, ಮುದುಕಿಯ ಅಂಗೈ ಹಾಗೆ ಗೆರೆಗೆರೆಯಾಗಿ, ಮುದುಡಿದಂತೆ ಬಿದ್ದುಕೊಂಡಿತ್ತು. ಗೊತ್ತಿಲ್ಲದವರು ಕಾಯಿಲೆ ಅನ್ನಬೇಕು. ಅತ್ತಿಗೆ ಅಂಚು ಎತ್ತಿ ಬೊಗಸೆ ತುಂಬಿಕೊಂಡಳು. ತಂಬಿಗೆಯ ಹೊಟ್ಟೆಯ ಮೇಲೆ ಸುರಿದು ಹೆಬ್ಬೆರಳಿನಿಂದ ಒಂದು ಗೆರೆ ಎಳೆದಳು.

ಆ ಗೆರೆ ಕೆಂಪಗೆ ಎದ್ದು ಬಂತು. ಹೊಸ ತಾಮ್ರದ ಕೆಂಪು. ಅತ್ತಿಗೆ ಉಜ್ಜುತ್ತಲೇ ಹೋದಳು. ಅದರಲ್ಲಿ ಅವಳ ಮುಖ ಕಾಣಿಸಿಕೊಂಡ ಮೇಲೂ ನಿಲ್ಲಿಸಲಿಲ್ಲ. ಅವಳವ್ವ ಎದ್ದು ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು.

ಆವತ್ತು ಊಟಕ್ಕೆ ಮೊದಲ ಪಂಕ್ತಿಯ ಮೊದಲ ಎಲೆಗೆ ಅವ್ವ ತಾನೇ ರಂಗಾಜಮ್ಮನ ರಟ್ಟೆ ಹಿಡಿದು ಕೂರಿಸಿದಳು. ಸಾರು ಬಡಿಸಿದಾಗ ಅಪ್ಪ ಒಂದು ತುತ್ತು ತಿಂದು, ಕಣ್ಣು ಕಿರಿದು ಮಾಡಿ, ನಾಲಿಗೆ ಲೊಚಗುಟ್ಟಿಸಿ, "ಹ್ಞೂಂ" ಅಂದರು. ಅಪ್ಪನ ಮಟ್ಟಿಗೆ ಅದು ಭಾಷಣ.

ಊಟ ಮುಗಿದ ಮೇಲೆ ಅವ್ವ ಬಾನಿಯ ಸೌಟನ್ನು ಅತ್ತಿಗೆಯ ಕೈಗೆ ಕೊಟ್ಟಳು. ಅಷ್ಟು ಸಾಕಿತ್ತು, ಪದ್ಧತಿ ಅಷ್ಟೇ. ಆದರೆ ಅವ್ವ ಅಲ್ಲೇ ನಿಂತು, ಒಲೆಯ ಮುಂದಿದ್ದ ತನ್ನ ಮಣೆಯನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದಳು. ಅತ್ತೆ ಬದುಕಿರುವಾಗ ಒಲೆ ಸೊಸೆಗೆ ಬಿಟ್ಟುಕೊಟ್ಟದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ.

"ಸೋಮ್ವಾರ ಒಲೆ ನೀನೇ ನೋಡ್ಕೊ" ಅಂದಳು. "ನಂಗೆ ಗೋಡೆ ಹತ್ರ ಕೆಲ್ಸ ಐತೆ."

ಅದಾದ ಮರುವರ್ಷ ನನ್ನ ಮದುವೆ ಹೊರಗಿನ ಊರಿಗೆ ಆಯಿತು. ಊರು ಬಿಟ್ಟು ಹೋಗುವ ಹೆಣ್ಣುಮಕ್ಕಳಿಗೆ ಕಂಬಳಿಯ ಒಂದು ತುಂಡನ್ನು ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. ನನಗೆ ಸುತ್ತಿಕೊಟ್ಟವಳು ಅತ್ತಿಗೆ. ಇಲ್ಲಿ ಅದರ ಅವಶ್ಯಕತೆ ಯಾರಿಗೂ ಇಲ್ಲ. ಆದರೂ ಇಟ್ಟುಕೊಂಡಿದ್ದೇನೆ. ಅವ್ವ ಹೋಗಿ ಬಹಳ ವರ್ಷವಾಯಿತು, ಆಮೇಲೆ ರಂಗಾಜಮ್ಮ ತನ್ನ ಮಡಕೆಯನ್ನು ಹೊತ್ತುಕೊಂಡು ಬಂದು ನಮ್ಮ ಹಿತ್ತಲಲ್ಲೇ, ಅತ್ತಿಗೆಯ ಪಕ್ಕದಲ್ಲೇ ಬೇಯಿಸುತ್ತಿದ್ದಳಂತೆ. ಅವಳೂ ಹೋದಳು. ಗೋಡೆಯ ಗುಳಿಗಳು ಹಾಗೇ ಇವೆ ಅಂತ ಅತ್ತಿಗೆ ಹೇಳಿಕಳಿಸುತ್ತಾಳೆ.

ನಾನಿಲ್ಲಿ ಕಬ್ಬಿನ ರಸದ ಅಂಗಡಿಯವನಿಂದ ಸಿಪ್ಪೆ ತರುತ್ತೇನೆ. ಅವನಿಗೆ ಅದು ಕಸ, ಕೇಳಿದಷ್ಟು ಕೊಡುತ್ತಾನೆ. ಹೋದ ತಿಂಗಳು ನನ್ನ ಬಾನಿಯ ಕಂಬಳಿ ಉಬ್ಬತೊಡಗಿತು. ಮೇಲೆ ಕಪ್ಪು ಬಂತು, ನೀರು ಸಪ್ಪೆ. ನಾನು ಒಲೆಯ ಮುಂದೆ ಒಬ್ಬಳೇ ಕೂತು ಕಣ್ಣು ಕದಲಿಸದೆ ಬೇಯಿಸುತ್ತಿದ್ದೆ. ಬೇರೆ ಕೆಲಸವಾದರೂ ಏನಿತ್ತು. ಪಕ್ಕದ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದವರು ಖಾಲಿ ಮಾಡಿಹೋಗಿ, ಹೊಸದಾಗಿ ಬಾಡಿಗೆಗೆ ಬಂದವರಿದ್ದಾರೆ. ಆ ಹೆಂಗಸಿನ ಹೆಸರೂ ನನಗೆ ಗೊತ್ತಿರಲಿಲ್ಲ. ದಿನಾ ಕಾಂಪೌಂಡಿನ ಆಚೆ ಬಟ್ಟೆ ಒಣಹಾಕಿ ಒಳಗೆ ಹೋಗಿಬಿಡುತ್ತಾಳೆ.

ಈ ಸೋಮವಾರ ಮಡಕೆ ಕುದಿ ಬಂದ ಮೇಲೆ ಕಾಂಪೌಂಡಿನ ಹತ್ತಿರ ಹೋಗಿ ನಿಂತೆ. ಮೊಣಕೈ ಊರಿದರೆ ಸಿಮೆಂಟು ಚುಚ್ಚಿತು.

"ಏನ್ರೀ," ಅಂದೆ, "ಇವತ್ತು ಏನ್ ಸಾರು ಮಾಡಿದ್ರಿ?"

ಅವಳು ಒದ್ದೆ ಸೀರೆ ಹಿಡಿದುಕೊಂಡೇ ತಿರುಗಿದಳು. ಹೆಸರು ಸರೋಜಿನಿಯಂತೆ. ಬೇಳೆಸಾರು ಮಾಡಿದ್ದಳಂತೆ. ಅವಳ ಅತ್ತೆ ಅದಕ್ಕೆ ಏನೋ ಅಂದಿದ್ದಳಂತೆ. ಅದನ್ನು ಹೇಳುತ್ತಾ ಹೇಳುತ್ತಾ ಅವಳೂ ಬಂದು ಗೋಡೆಗೆ ಮೊಣಕೈ ಊರಿದಳು. ಹಿಂದಿನಿಂದ ಹುರಿಗಡಲೆಯ ಕಂಪು ಬಂತು, ಆಮೇಲೆ ಪಾಕ ಮೀರಿದ ವಾಸನೆ. "ನಿಮ್ಮ ಒಲೆ ಮೇಲೆ ಏನೋ ಸೀಯ್ತಿದೆ ಅನ್ಸುತ್ತೆ" ಅಂದಳು ಸರೋಜಿನಿ.

"ಗೊತ್ತು, ಇನ್ನೂ ಹೊತ್ತಿದೆ" ಅಂದೆ. "ಅದಿರ್ಲಿ. ನಿಮ್ಮತ್ತೆ ಆಮೇಲೆ ಏನಂದ್ರು?"